ಹಳೆಯ ಸಾಫ್ಟ್‌ವೇರ್: ಪೂರ್ತಿ ಹೊಸದಾಗಿ ಬರೆಯೋದಾ, ಸ್ವಲ್ಪ ಸ್ವಲ್ಪ ಬದಲಿಸೋದಾ?

ಹಳೆಯ ಸಾಫ್ಟ್‌ವೇರನ್ನು ಪೂರ್ತಿ ಹೊಸದಾಗಿ ಬರೆಯಬೇಕಾ, ಸ್ವಲ್ಪ ಸ್ವಲ್ಪ ಬದಲಿಸಬೇಕಾ ಅನ್ನೋ ಪ್ರಶ್ನೆಗೆ ಉತ್ತರ ಕೋಡ್‌ನಲ್ಲಿಲ್ಲ, ವ್ಯವಹಾರದಲ್ಲಿದೆ. ಕೋಡ್ ಹಳೆಯದು ಅನ್ನೋದೊಂದೇ ಕಾರಣ ಸಾಲದು. ಅದರಿಂದ ಗ್ರಾಹಕರಿಗೆ ಏನು ತಡವಾಗುತ್ತಿದೆ, ಎಲ್ಲಿ ದುಡ್ಡು ಸೋರುತ್ತಿದೆ ಅಂತ ಮೊದಲು ನೋಡಿ.

ಖರ್ಚಿನ ಲೆಕ್ಕದಲ್ಲಿ ಹೊಸದಾಗಿ ಬರೆಯೋದು ಭಾರಿ. ಹಳೆಯದನ್ನು ನಡೆಸುತ್ತಲೇ ಹೊಸದನ್ನು ಕಟ್ಟಬೇಕು. ಮುಗಿಯುವ ತನಕ ಗ್ರಾಹಕರ ಕೈಗೆ ಹೊಸದೇನೂ ಸಿಗುವುದಿಲ್ಲ. ವೆಬ್ ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿ 1998ರಲ್ಲಿ ಈ ದಾರಿ ಹಿಡಿಯಿತು. ಹೊಸ ಬ್ರೌಸರ್ ಬಂದಿದ್ದು 2000ದ ಕೊನೆಗೆ. ಅಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು.

ಸ್ವಲ್ಪ ಸ್ವಲ್ಪ ಬದಲಿಸಿದರೆ ಲಾಭ ಬೇಗ ಕಾಣುತ್ತದೆ, ಮಧ್ಯದಲ್ಲಿ ನಿಲ್ಲಿಸಿದರೂ ನಷ್ಟ ಕಡಿಮೆ. ಆದರೆ ಹಳೆಯದು, ಹೊಸದು ಎರಡನ್ನೂ ಜೋಡಿಸುವ ಕೆಲಸ ತಲೆನೋವು.

ರಿಸ್ಕ್ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಬಿಲ್ಲಿಂಗ್ ಕೋಡ್‌ನಲ್ಲಿ ಒಂದು ವಿಚಿತ್ರ ಷರತ್ತು ಇರುತ್ತದೆ, ಸುಮ್ನೆ ಕಸ ಅನಿಸುತ್ತದೆ. ಅದು ಎಂದೋ ಒಬ್ಬ ಗ್ರಾಹಕರಿಗೆ ಒಪ್ಪಿಕೊಂಡ ರಿಯಾಯಿತಿ ಆಗಿರಬಹುದು ಅಲ್ವಾ? ಹೊಸದಾಗಿ ಬರೆಯುವಾಗ ಮೊದಲು ಕಳೆದುಹೋಗೋದು ಇಂಥವೇ.

ತಂಡಕ್ಕೆ ಹೊಸದಾಗಿ ಬಂದವರು ಕಲಿಯುವ ಸುಲಭದಲ್ಲಿ ಮಾತ್ರ ಹೊಸ ಕೋಡ್ ಮುಂದೆ.

ದಿನವೂ ಆದಾಯ ತರುವ ದೊಡ್ಡ ಸಿಸ್ಟಮ್ ಆದರೆ ಸ್ವಲ್ಪ ಸ್ವಲ್ಪ ಬದಲಿಸಿ, ಹೆಚ್ಚು ನೋವು ಕೊಡುವ ಭಾಗದಿಂದ ಶುರು ಮಾಡಿ. ಸಿಸ್ಟಮ್ ಚಿಕ್ಕದಿದ್ದು, ನಿಯಮಗಳೆಲ್ಲ ಗೊತ್ತಿದ್ದು, ಅದಕ್ಕೆ ಆಧಾರವಾಗಿರುವ ತಂತ್ರಜ್ಞಾನಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದ್ದರೆ ಧೈರ್ಯವಾಗಿ ಹೊಸದಾಗಿ ಬರೆಯಿರಿ. ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಓಡುತ್ತಿರುವುದನ್ನು ಈ ವರ್ಷ ಮುಟ್ಟಲೇಬೇಡಿ.