ಕಪ್ಸ್‌ನಲ್ಲಿ ಡ್ರೈವರ್ ಇಲ್ಲದೆ ಪ್ರಿಂಟ್: ಯಾವ ದಾರಿ ಯಾವ ಯಂತ್ರಕ್ಕೆ?

ಲಿನಕ್ಸ್‌ನಲ್ಲಿ ಮುದ್ರಣ ನೋಡಿಕೊಳ್ಳುವ ವ್ಯವಸ್ಥೆಯಾದ ಕಪ್ಸ್‌ಗೆ ತಯಾರಕರ ಡ್ರೈವರ್ ಹಾಕದೆ ಪ್ರಿಂಟರ್ ಸೇರಿಸುವ ದಾರಿಗಳನ್ನೆಲ್ಲ ಬಳಸಿ ನೋಡಿದ ಮೇಲೆ ಹೇಳುವುದು ಇಷ್ಟು: ಕಚೇರಿಯ ನೆಟ್‌ವರ್ಕ್ ಪ್ರಿಂಟರಿಗೆ ಕೈಯಾರೆ ಮಾಡಿದ ‘ಎವ್ರಿವೇರ್’ ಕ್ಯೂ (ಪ್ರಿಂಟರನ್ನೇ ಕೇಳಿ ತಯಾರಾಗುವ ಮುದ್ರಣ ಸರದಿ), ಯುಎಸ್‌ಬಿ ಕೇಬಲ್ಲಿನ ಹೊಸ ಯಂತ್ರಕ್ಕೆ ಐಪಿಪಿ-ಯುಎಸ್‌ಬಿ (ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕ್ ಪ್ರಿಂಟರಿನಂತೆ ತೋರಿಸುವ ಸೇವೆ), ಐಪಿಪಿ (ಪ್ರಿಂಟರ್ ಜೊತೆ ಮಾತಾಡುವ ಸಾಮಾನ್ಯ ಪ್ರೊಟೊಕಾಲ್) ಬಾರದ ಹಳೆಯ ಲೇಸರ್‌ಗೆ ಪ್ರಿಂಟರ್ ಅಪ್ಲಿಕೇಶನ್. ನೆಟ್‌ವರ್ಕ್‌ನ ಪ್ರಿಂಟರುಗಳನ್ನು ಹುಡುಕಿ ತಾನೇ ಕ್ಯೂ ಮಾಡುವ ಕಪ್ಸ್-ಬ್ರೌಸ್ಡ್ ಸೇವೆ ಬೇಕಾಗುವುದು ಅಪರೂಪ.

ಎವ್ರಿವೇರ್ ಕ್ಯೂಗೆ ಎಲ್‌ಪಿಅಡ್ಮಿನ್ ಆದೇಶ ಒಂದೇ ಸಾಕು: ‘-ಪಿ’ ಜೊತೆ ಹೆಸರು, ದೊಡ್ಡಕ್ಷರದ ‘-ಇ’, ‘-ವಿ’ ಜೊತೆ ಪ್ರಿಂಟರಿನ ಐಪಿಪಿ ವಿಳಾಸ, ಕೊನೆಗೆ ‘-ಎಂ ಎವ್ರಿವೇರ್’. ಈ ‘-ಇ’ ಹೆಸರಿನ ನಂತರವೇ ಬರಬೇಕು. ಮೊದಲೇ ಬರೆದರೆ ಅದು ಎನ್‌ಕ್ರಿಪ್ಶನ್ ಕೇಳಿದ ಹಾಗಾಗುತ್ತದೆ, ಕ್ಯೂ ಚಾಲೂ ಆಗದೆ ನಿಂತಿರುತ್ತದೆ. ಆದೇಶ ಕೊಡುವಾಗ ಪ್ರಿಂಟರ್ ಎಚ್ಚರವಾಗಿರಬೇಕು, ಏಕೆಂದರೆ ಕಪ್ಸ್ ಅದನ್ನೇ ಕೇಳಿ ಆ ಕ್ಷಣದ ಉತ್ತರದಿಂದ ಪಿಪಿಡಿ (ಪ್ರಿಂಟರಿನ ಸಾಮರ್ಥ್ಯಗಳ ವಿವರವಿರುವ ಕಡತ) ಬರೆಯುತ್ತದೆ. ಆಮೇಲೆ ಟ್ರೇ ಸೇರಿಸಿದರೆ ಅಥವಾ ಫರ್ಮ್‌ವೇರ್ (ಪ್ರಿಂಟರಿನೊಳಗಿನ ತಂತ್ರಾಂಶ) ಬದಲಾದರೆ ಅದೇ ಆದೇಶವನ್ನು ಮತ್ತೆ ಕೊಡಬೇಕು. ವಿಳಾಸವನ್ನು ರೌಟರ್‌ನಲ್ಲಿ ಕಾಯಂ ಮಾಡಿಡಿ, ಇಲ್ಲವಾದರೆ ಡಿಎಚ್‌ಸಿಪಿ ಹೊಸ ವಿಳಾಸ ಕೊಟ್ಟ ದಿನ ಕ್ಯೂ ಸತ್ತುಹೋಗುತ್ತದೆ.

ಬಣ್ಣವಿಲ್ಲ, ಎರಡು ಬದಿ ಮುದ್ರಣವಿಲ್ಲ, ಎ4 ಕಾಣುತ್ತಿಲ್ಲ ಎಂಬ ದೂರುಗಳಲ್ಲಿ ಕಪ್ಸ್ ಮೇಲೆ ಕೈ ತೋರುವ ಮುನ್ನ ಐಪಿಪಿಟೂಲ್ ಎಂಬ ಆದೇಶದಿಂದ ಪ್ರಿಂಟರನ್ನೇ ವಿಚಾರಿಸಿ. ‘-ಟಿವಿ’ ಹಾಕಿ, ಅದರ ಜೊತೆಗೇ ಬರುವ ಗೆಟ್-ಪ್ರಿಂಟರ್-ಆಟ್ರಿಬ್ಯೂಟ್ಸ್ ಪರೀಕ್ಷಾ ಕಡತ ಓಡಿಸಿ. ಕಾಗದ, ಬದಿ, ಬಣ್ಣದ ಸಾಲುಗಳು ಆ ಉತ್ತರದಲ್ಲೇ ಇಲ್ಲದಿದ್ದರೆ ತಪ್ಪು ಫರ್ಮ್‌ವೇರಿನದು. ಉತ್ತರದಲ್ಲಿದ್ದೂ ಕ್ಯೂನಲ್ಲಿ ಇಲ್ಲದಿದ್ದರೆ ಪಿಪಿಡಿ ಬರೆಯುವ ಭಾಗದಲ್ಲಿ ದೋಷವಿದೆ. ಆಗ ಕಪ್ಸ್-ಫಿಲ್ಟರ್ಸ್ ಪ್ಯಾಕೇಜಿನ ‘ಡ್ರೈವರ್‌ಲೆಸ್’ ಪ್ರಯೋಗಿಸಿ. ಆ ಹೆಸರಿನ ಆದೇಶ ಸಿಕ್ಕ ಪ್ರಿಂಟರುಗಳ ವಿಳಾಸ ತೋರಿಸುತ್ತದೆ. ‘-ಎಂ’ ಮುಂದೆ ‘ಡ್ರೈವರ್‌ಲೆಸ್:’ ಎಂದು ಬರೆದು ಅದೇ ವಿಳಾಸವನ್ನು ಅಂಟಿಸಿದರೆ ಆಯಿತು. ಪಿಸಿಎಲ್‌ಎಂ ಎಂಬ ಮುದ್ರಣ ರೂಪ ಮಾತ್ರ ಬಲ್ಲ ಯಂತ್ರಗಳಿಗೂ ನಾವು ಇದನ್ನೇ ಆರಿಸುತ್ತೇವೆ.

ಕಪ್ಸ್-ಬ್ರೌಸ್ಡ್ ಇವೆಲ್ಲವನ್ನೂ ತಾನೇ ಮಾಡುತ್ತದೆ ನಿಜ. ಆದರೆ ಅದು ನೆಟ್‌ವರ್ಕ್‌ನ ಯುಡಿಪಿ ಪೋರ್ಟ್ 631ರಲ್ಲಿ ಯಾರು ಹೇಳಿದ ಪ್ರಿಂಟರನ್ನಾದರೂ ಸೇರಿಸಿಕೊಳ್ಳುತ್ತಿತ್ತು ಎಂಬ ದೋಷ 2024ರ ಸೆಪ್ಟೆಂಬರಿನಲ್ಲಿ ಹೊರಬಂತು. ಬೇರೆ ದೋಷಗಳ ಜೊತೆ ಸೇರಿ ಅದು ದೂರದಿಂದಲೇ ಆದೇಶ ಓಡಿಸುವಷ್ಟು ಗಂಭೀರವಾಗಿತ್ತು. ಅಪ್‌ಡೇಟ್ ಹಾಕಿ, ಅಗತ್ಯವಿಲ್ಲದಿದ್ದರೆ ಸೇವೆಯನ್ನೇ ನಿಲ್ಲಿಸಿ. ನೆಟ್‌ವರ್ಕ್‌ನಲ್ಲಿ ಸಾಧನಗಳನ್ನು ಹುಡುಕುವ ಸೇವೆಯಾದ ಅವಾಹಿ ಕಂಡುಹಿಡಿದ ಪ್ರಿಂಟರಿಗೆ ಕಪ್ಸ್ ತಾನೇ ತಾತ್ಕಾಲಿಕ ಕ್ಯೂ ಮಾಡುತ್ತದೆ, ‘ಎಲ್‌ಪಿಸ್ಟ್ಯಾಟ್ -ಇ’ (ಸಣ್ಣಕ್ಷರ) ಅದನ್ನು ತೋರಿಸುತ್ತದೆ. ಅಲ್ಲೂ ಕಾಣದಿದ್ದರೆ ಅವಾಹಿ ಬಳಸುವ ಯುಡಿಪಿ 5353 ಫೈರ್‌ವಾಲ್‌ನಲ್ಲಿ ಮುಚ್ಚಿದೆಯೇ, ವೈಫೈಯಲ್ಲಿ ಕ್ಲೈಂಟ್ ಐಸೊಲೇಶನ್ (ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆಯುವುದು) ಹಾಕಿದೆಯೇ ನೋಡಿ.

ಯುಎಸ್‌ಬಿಯಲ್ಲಿ ಐಪಿಪಿ-ಯುಎಸ್‌ಬಿ ನಮಗೆ ತುಂಬಾ ಹಿಡಿಸಿದೆ, ಏಕೆಂದರೆ ಸೇನ್-ಏರ್‌ಸ್ಕ್ಯಾನ್ ಎಂಬ ಸ್ಕ್ಯಾನಿಂಗ್ ತಂತ್ರಾಂಶ ಇದ್ದರೆ ಸ್ಕ್ಯಾನರ್ ಕೂಡ ಡ್ರೈವರ್ ಇಲ್ಲದೆ ಬರುತ್ತದೆ. ಯಂತ್ರವು ಕ್ಲಾಸ್ 7, ಸಬ್‌ಕ್ಲಾಸ್ 1, ಪ್ರೊಟೊಕಾಲ್ 4 ಇಂಟರ್‌ಫೇಸ್ ಕೊಡಬೇಕು. ‘ಐಪಿಪಿ-ಯುಎಸ್‌ಬಿ ಚೆಕ್’ ಉತ್ತರ ಹೇಳುತ್ತದೆ. ತೊಡಕು ಒಂದೇ: ಇದು ಯಂತ್ರವನ್ನು ಹಿಡಿದುಕೊಂಡರೆ ಹಳೆಯ ಯುಎಸ್‌ಬಿ ಕ್ಯೂಗೂ ಎಚ್‌ಪಿಯ ಡ್ರೈವರ್ ತಂತ್ರಾಂಶ ಎಚ್‌ಪಿಲಿಪ್‌ಗೂ ಅದು ಸಿಗುವುದಿಲ್ಲ. ಹಳೆಯ ಕ್ಯೂ ಅಳಿಸಿ ಹೊಸದನ್ನು ಇಟ್ಟುಕೊಳ್ಳಿ. ಹಳೆಯದೇ ಬೇಕಿದ್ದರೆ ಐಪಿಪಿ-ಯುಎಸ್‌ಬಿಯ ಕ್ವರ್ಕ್ಸ್ (ಮಾದರಿವಾರು ವಿಶೇಷ ನಿಯಮಗಳ) ಕಡತದಲ್ಲಿ ಆ ಮಾದರಿಯನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ.

ನಮ್ಮ ಕಚೇರಿ, ಝೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900ಗಳಿಗೆ ಐಪಿಪಿಯೇ ಗೊತ್ತಿಲ್ಲ. 1020ಕ್ಕಂತೂ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಫರ್ಮ್‌ವೇರ್ ಕಳಿಸಬೇಕು. ಇಂಥವುಗಳ ಮೇಲೆ ಡ್ರೈವರ್‌ಲೆಸ್ ಪ್ರಯತ್ನಿಸುವುದು ವ್ಯರ್ಥ. ಎಚ್‌ಪಿ ಯಂತ್ರಗಳಿಗೆ ಓಪನ್‌ಪ್ರಿಂಟಿಂಗ್‌ನ ಎಚ್‌ಪಿಲಿಪ್ ಪ್ರಿಂಟರ್ ಅಪ್ಲಿಕೇಶನ್ ಇದೆ. ಡ್ರೈವರನ್ನು ಒಳಗಿಟ್ಟುಕೊಂಡು ಅದು ಕಪ್ಸ್‌ಗೆ ಐಪಿಪಿ ಪ್ರಿಂಟರಿನಂತೆಯೇ ಕಾಣುತ್ತದೆ. ಕಪ್ಸ್ 3ರಲ್ಲಿ ಪಿಪಿಡಿ ಬೆಂಬಲ ಇರುವುದಿಲ್ಲವಾದ್ದರಿಂದ ಹಳೆಯ ಯಂತ್ರ ಉಳಿಸಿಕೊಳ್ಳಬೇಕೆನ್ನುವವರು ಈ ಬದಲಾವಣೆಯನ್ನು ಈಗಲೇ ಮಾಡಿಕೊಳ್ಳುವುದು ಒಳ್ಳೆಯದು.