ಮೊದಲು ಕೋಲ್ಟ್ರೇನ್‌ರ ಯಾವ ಆಲ್ಬಂ: ‘ಬ್ಯಾಲಡ್ಸ್’ ಅಥವಾ ‘ಎ ಲವ್ ಸುಪ್ರೀಮ್’?

ಜಾನ್ ಕೋಲ್ಟ್ರೇನ್ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ. ಅವರ ಈ ಎರಡು ಆಲ್ಬಂಗಳಲ್ಲೂ ಹೆಚ್ಚುಕಡಿಮೆ ಅದೇ ನಾಲ್ವರು ವಾದಕರು. ಕೇಳುಗರ ಮೇಲಾಗುವ ಪರಿಣಾಮ ಮಾತ್ರ ಬೇರೆಬೇರೆ.

1963ರಲ್ಲಿ ಬಂದ ‘ಬ್ಯಾಲಡ್ಸ್’ನಲ್ಲಿ ಎಂಟು ನಿಧಾನಗತಿಯ ಹಾಡುಗಳಿವೆ. ಸ್ಯಾಕ್ಸೊಫೋನ್ ಮೆಲುದನಿಯಲ್ಲಿ ಪಕ್ಕದಲ್ಲೇ ಕೂತು ಮಾತಾಡಿದಂತಿರುತ್ತದೆ. ದಣಿದ ಮನಸ್ಸಿಗೆ ಹಿತ.

‘ಎ ಲವ್ ಸುಪ್ರೀಮ್’ ಹಾಗಲ್ಲ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯಲ್ಲಿ ಧ್ವನಿಮುದ್ರಣಗೊಂಡ, ಸುಮಾರು 33 ನಿಮಿಷಗಳ, ನಾಲ್ಕು ಭಾಗಗಳ ಪ್ರಾರ್ಥನೆ ಅದು. ಬಾಸ್ ಎಂಬ ಮಂದ್ರದನಿಯ ತಂತಿವಾದ್ಯದ ನಾಲ್ಕೇ ಸ್ವರಗಳಿಂದ ಹೊರಟು, ಆ ಸ್ವರಗಳಿಗೇ ಆಲ್ಬಂನ ಹೆಸರನ್ನು ಜಪದಂತೆ ಹೇಳುತ್ತಾರೆ. ಮೂರನೆಯ ಭಾಗದ ರಭಸಕ್ಕೆ ಹೊಸಬರು ಕಂಗೆಡುವುದುಂಟು. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ಕೊನೆಯ ಭಾಗದಲ್ಲಿ ಕೋಲ್ಟ್ರೇನ್ ತಾವೇ ಬರೆದ ಕವಿತೆಯನ್ನು ಬಾಯಲ್ಲಿ ಹೇಳದೆ ವಾದ್ಯದಲ್ಲೇ ನುಡಿಸುತ್ತಾರೆ. ಕಣ್ಣು ತುಂಬಿಬರುವುದು ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರನ್ನು ಸಂತನೆಂದು ಆರಾಧಿಸುವ ಚರ್ಚೇ ಇದೆ. ಕದ್ರಿ ಗೋಪಾಲನಾಥರ ಆಲಾಪನೆ ಕೇಳಿ ಬೆಳೆದವರಿಗೆ ಸ್ಯಾಕ್ಸೊಫೋನ್‌ನಲ್ಲಿ ಭಕ್ತಿ ಹೊಸದೇನಲ್ಲ.

ನನ್ನ ಆಯ್ಕೆ ಎರಡನೆಯದು. ಆದರೆ ಜಾಝ್ ಕೇಳಿಯೇ ಇಲ್ಲದಿದ್ದರೆ ಒಂದು ವಾರ ‘ಬ್ಯಾಲಡ್ಸ್’ ಕೇಳಿ, ಆಮೇಲೆ ಇದಕ್ಕೆ ಬನ್ನಿ. ಇದನ್ನು ಮಾತ್ರ ಬಿಡಿಬಿಡಿಯಾಗಿ ಕೇಳದೆ ಒಂದೇ ಬೈಠಕ್‌ನಲ್ಲಿ ಮುಗಿಸಿ.