ಹಿಮದ ನೀರು ಅಳೆಯಲು: ಕೊಳವೆಯೋ, ಸೆನ್ಸರೋ, ಸ್ನೋ ಪಿಲ್ಲೋವೋ?

ಕೆನಡಾದ ಯೂಕಾನ್‌ನ ವುಲ್ಫ್ ಕ್ರೀಕ್‌ನಂಥ ಜಲಾನಯನದಲ್ಲಿ, ಬಿದ್ದ ಹಿಮದಲ್ಲಿ ಎಷ್ಟು ನೀರಿದೆ ಅಂತ ಅಳೆಯಲು ಈ ಮೂರರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಕೊಳವೆಯೇ ಅಗ್ಗ. ಹಿಮದೊಳಗೆ ಇಳಿಸಿ ತೂಗಿದರೆ ನೀರೆಷ್ಟು ಅಂತ ನೇರವಾಗಿ ಸಿಗುತ್ತದೆ. ಆದರೆ ಪ್ರತಿ ಸಲ ಜನ ಹೋಗಬೇಕು, ನಡುವಿನ ದಿನಗಳ ಲೆಕ್ಕ ಇರುವುದಿಲ್ಲ.

ಶಬ್ದದ ಅಲೆ ಕಳಿಸಿ ಹಿಮದ ಆಳ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಗಂಟೆಗಂಟೆಗೂ ಅಳೆಯುತ್ತದೆ, ಕರೆಂಟೂ ಕಡಿಮೆ ಸಾಕು. ಚಳಿಗಾಲದಲ್ಲಿ ಅಲ್ಲಿ ಬಿಸಿಲೇ ಕಮ್ಮಿ. ಸೋಲಾರ್ ನಂಬಿದವರಿಗೆ ಇದು ದೊಡ್ಡ ವಿಷಯ ಅಲ್ವಾ? ಆದರೆ ಅದು ಹೇಳುವುದು ಆಳ ಮಾತ್ರ. ಹೊಸ ಹಿಮ ಹಗುರ, ಹಳೆಯದು ಗಟ್ಟಿ; ಹಾಗಾಗಿ ಆಳದಿಂದಷ್ಟೇ ನೀರೆಷ್ಟು ಅಂತ ತಿಳಿಯುವುದಿಲ್ಲ.

ಮೇಲೆ ಕೂತ ಹಿಮವನ್ನು ತೂಗುವ ಸ್ನೋ ಪಿಲ್ಲೋ ದುಬಾರಿ, ಸಮತಟ್ಟು ಜಾಗವೂ ಬೇಕು. ದಿನದಿನದ ಕರಗುವಿಕೆ ತಿಳಿಯಬೇಕಿದ್ದರೆ ಅದೇ ಇರಲಿ. ಆದರೆ ಗಾಳಿ ಹಿಮವನ್ನು ಗುಡ್ಡೆ ಹಾಕುವ ಬೆಟ್ಟದ ಮೇಲೆ ಕೊಳವೆ ಹಿಡಿದು ಉದ್ದಕ್ಕೂ ನಡೆದು ಹಲವು ಕಡೆ ಅಳೆಯುವುದೇ ಮೇಲು. ಹಣ ಕಮ್ಮಿಯಿದ್ದರೆ ಸೆನ್ಸರ್ ನೆಟ್ಟು, ತಿಂಗಳಿಗೊಮ್ಮೆ ಕೊಳವೆಯಿಂದ ತೂಕ ನೋಡಿ.